ಒಂದೇ ಡೊಮೇನ್, ಎರಡು ಮೇಲ್ ಸರ್ವರ್: ಗಂಗಾವತಿಯ ಅಕ್ಕಿ ಗಿರಣಿಯೊಂದರ ಪ್ರಕರಣ

ಕೊಪ್ಪಳ ಜಿಲ್ಲೆಯ ಗಂಗಾವತಿಯಿಂದ ಕಾರಟಗಿಯ ಕಡೆಗೆ ಹೋಗುವ ರಸ್ತೆಯ ಪಕ್ಕದಲ್ಲಿರುವ ಒಂದು ಅಕ್ಕಿ ಗಿರಣಿಯ ಇಮೇಲ್ ವ್ಯವಸ್ಥೆ ಈ ಅಧ್ಯಯನದ ವಿಷಯ. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಲ್ಲಿ ಬೆಳೆದ ಮುಂಗಾರು ಭತ್ತ ನವೆಂಬರ್, ಡಿಸೆಂಬರ್ ತಿಂಗಳಲ್ಲಿ ಗಿರಣಿಗೆ ಬರತೊಡಗಿದರೆ ಅಲ್ಲಿಯ ಕಚೇರಿಗೆ ಹಗಲು ರಾತ್ರಿಯ ಭೇದ ಉಳಿಯುವುದಿಲ್ಲ. ದರದ ವಿಚಾರಣೆ, ಲಾರಿ ಲೋಡಿನ ಖಾತ್ರಿ, ತೂಕದ ಚೀಟಿ, ಇ-ವೇ ಬಿಲ್ಲಿನ ಪ್ರತಿ ಎಲ್ಲವೂ ಮೇಲ್ ಮೂಲಕವೇ ಓಡಾಡುತ್ತವೆ. ಇಂಥ ದಿನಗಳಲ್ಲಿ ಮೇಲ್ ತಲುಪದಿದ್ದರೆ ಲಾರಿ ನಿಲ್ಲುತ್ತದೆ, ಲಾರಿ ನಿಂತರೆ ಹಮಾಲರ ಕೂಲಿಯೂ ನಿಲ್ಲುತ್ತದೆ. ನನ್ನನ್ನು ಅಲ್ಲಿಗೆ ಕರೆಸಿದ್ದು ಅಂಥ ಒಂದು ಡಿಸೆಂಬರಿನಲ್ಲಿ.

ಗಿರಣಿಯ ಕಚೇರಿಯ ಒಳಕೋಣೆಯಲ್ಲಿ ಲಿನಕ್ಸ್ ಯಂತ್ರವೊಂದರ ಮೇಲೆ ಮೇಲ್ ಪಡೆದು ಕಳಿಸುವ ಪೋಸ್ಟ್‌ಫಿಕ್ಸ್ ಮತ್ತು ಬಂದ ಮೇಲನ್ನು ಬಾಕ್ಸ್‌ಗಳಲ್ಲಿಟ್ಟು ಓದಲು ಕೊಡುವ ಡವ್‌ಕಾಟ್ ಎಂಬ ತಂತ್ರಾಂಶಗಳು ನಡೆಯುತ್ತಿದ್ದವು. ಅದರಲ್ಲಿ ಒಟ್ಟು 34 ಮೇಲ್‌ಬಾಕ್ಸ್‌ಗಳಿದ್ದವು. ಮಾರಾಟಕ್ಕಾಗಿ ಸದಾ ಊರೂರು ತಿರುಗುವವರು ಮತ್ತು ಮಾಲೀಕರ ಮನೆಯವರು ಸೇರಿ 9 ಜನರನ್ನು ಮಾತ್ರ ಆ ವರ್ಷ ಗೂಗಲ್‌ನ ಬಾಡಿಗೆಯ ಮೇಲ್ ಸೇವೆಯಾದ ಗೂಗಲ್ ವರ್ಕ್‌ಸ್ಪೇಸ್‌ಗೆ ಸೇರಿಸಲಾಯಿತು. ಉಳಿದ 25 ಮೇಲ್‌ಬಾಕ್ಸ್‌ಗಳು ವೇಬ್ರಿಜ್, ಗೋದಾಮು, ಬಾಯ್ಲರ್, ಲೆಕ್ಕಪತ್ರ ಮುಂತಾದ ವಿಭಾಗಗಳವು. ಅವರ ಮೇಲ್ ಬಹುಪಾಲು ಗಿರಣಿಯ ಒಳಗೇ ಓಡಾಡುತ್ತಿತ್ತು, ಇಂಟರ್ನೆಟ್ ಹೋದ ಹೊತ್ತಿನಲ್ಲೂ ಅದು ನಡೆಯಬೇಕಿತ್ತು, ಮೇಲಾಗಿ ಪ್ರತಿ ಬಾಕ್ಸಿಗೂ ತಿಂಗಳ ಬಾಡಿಗೆ ಕಟ್ಟುವ ಖರ್ಚನ್ನು ಮಾಲೀಕರು ಒಪ್ಪಲಿಲ್ಲ. ಈ ನಿರ್ಧಾರದಲ್ಲಿ ತಪ್ಪೇನೂ ಇಲ್ಲವೆಂದು ನಾನು ಈಗಲೂ ಹೇಳುತ್ತೇನೆ. ಎರಡು ಬೇರೆ ಡೊಮೇನ್ ಇಟ್ಟುಕೊಂಡಿದ್ದರೆ ಕೆಲಸ ಹಗುರವಾಗುತ್ತಿತ್ತು, ನಿಜ. ಆದರೆ ಗಿರಣಿಯ ಮೇಲ್ ವಿಳಾಸ 25 ಕಿಲೋ ಅಕ್ಕಿ ಚೀಲಗಳ ಮೇಲೆ ಅಚ್ಚಾಗಿತ್ತು, ಅಚ್ಚಾದ ಚೀಲಗಳ ಕಟ್ಟುಗಳು ಗೋದಾಮಿನಲ್ಲಿ ಸೂರು ಮುಟ್ಟುವಂತೆ ಪೇರಿಸಿಕೊಂಡಿದ್ದವು. ಆದ್ದರಿಂದ ಎರಡೂ ಸರ್ವರ್‌ಗಳು ಒಂದೇ ಡೊಮೇನಿನ ಕೆಳಗೆ ಬಾಳುವೆ ಮಾಡಬೇಕಾಗಿತ್ತು.

ದೂರು ಎರಡು ಬಗೆಯದಾಗಿತ್ತು. ವೇಬ್ರಿಜ್‌ನ ಗುಮಾಸ್ತರು ಪ್ರತಿದಿನ ಸಂಜೆ ತೂಕದ ಪಟ್ಟಿಯನ್ನು ಬೆಂಗಳೂರಿನಲ್ಲಿರುವ ಮಾರಾಟ ವ್ಯವಸ್ಥಾಪಕರಿಗೆ ಕಳಿಸುತ್ತಿದ್ದರು. ವ್ಯವಸ್ಥಾಪಕರು ಬಂದಿಲ್ಲವೆನ್ನುತ್ತಿದ್ದರು. "ನಾವು ದಿನಾ ಕಳಿಸೇವ್ರಿ ಸರ್, ಒಂದೂ ಹೊಳ್ಳಿ ಬಂದಿಲ್ರಿ. ಅವ್ರಿಗೆ ಮುಟ್ಟಿಲ್ಲಂದ್ರ ನಾವೇನ್ ಮಾಡೋಣ್ರಿ?" ಎಂದು ಗುಮಾಸ್ತರು ಕೇಳಿದ ಪ್ರಶ್ನೆಯಲ್ಲೇ ಪ್ರಕರಣದ ಅರ್ಧ ಭಾಗವಿತ್ತು. ಮೇಲ್ ಬೌನ್ಸ್ ಆಗಿ ಹಿಂದಕ್ಕೂ ಬರುತ್ತಿರಲಿಲ್ಲ, ಮುಂದಕ್ಕೂ ಹೋಗುತ್ತಿರಲಿಲ್ಲ. ಎರಡನೆಯ ದೂರು ಹೊರಗಿನ ವ್ಯಾಪಾರಿಗಳದು. ಅದೇ ವ್ಯಕ್ತಿಗೆ ಅದೇ ವಿಳಾಸಕ್ಕೆ ಬರೆದ ಮೇಲ್ ಒಂದು ದಿನ ತಲುಪುತ್ತಿತ್ತು, ಇನ್ನೊಂದು ದಿನ ಇಲ್ಲ. ಲೆಕ್ಕಪತ್ರ ವಿಭಾಗಕ್ಕೆ ಬರೆದವರಿಗಂತೂ ಕೆಲವೊಮ್ಮೆ "ಇಂಥ ವಿಳಾಸವೇ ಇಲ್ಲ" ಎಂಬ ಉತ್ತರ ಹೋಗಿತ್ತು.

ಇದಕ್ಕೂ ಮೊದಲು ವ್ಯವಸ್ಥೆ ಮಾಡಿಕೊಟ್ಟವರು ಡಿಎನ್‌ಎಸ್‌ನಲ್ಲಿ, ಅಂದರೆ ಡೊಮೇನುಗಳ ಸಾರ್ವಜನಿಕ ವಿಳಾಸಪಟ್ಟಿಯಲ್ಲಿ, ಮೇಲ್ ಯಾವ ಸರ್ವರಿಗೆ ಹೋಗಬೇಕೆಂದು ಹೇಳುವ ಎಂಎಕ್ಸ್ ದಾಖಲೆಗಳನ್ನು ಎರಡು ಹಾಕಿದ್ದರು. ಮೊದಲಿಗೆ ಗೂಗಲ್‌ಗೆ ಸಣ್ಣ ಅಂಕಿ, ಗಿರಣಿಯ ಸರ್ವರ್‌ಗೆ ದೊಡ್ಡ ಅಂಕಿ ಕೊಟ್ಟಿದ್ದರು. ಮೊದಲನೆಯದರಲ್ಲಿ ಹೆಸರು ಸಿಗದಿದ್ದರೆ ಕಳಿಸುವವರ ಸರ್ವರ್ ಎರಡನೆಯದನ್ನು ಕೇಳುತ್ತದೆ ಎಂಬುದು ಅವರ ನಂಬಿಕೆ. ಈ ನಂಬಿಕೆ ಎಷ್ಟು ವ್ಯಾಪಕವಾಗಿದೆಯೆಂದರೆ, ಬಳ್ಳಾರಿಯಿಂದ ರಾಯಚೂರಿನವರೆಗೆ ನಾನು ಕೈಹಾಕಿದ ಇಂಥ ಪ್ರತಿಯೊಂದು ಕೆಲಸದಲ್ಲಿಯೂ ಅದನ್ನು ಎದುರಿಸಿದ್ದೇನೆ. ಎಂಎಕ್ಸ್ ಕೆಲಸ ಮಾಡುವ ಬಗೆಯೇ ಬೇರೆ. 1986ರ ಆರ್‌ಎಫ್‌ಸಿ 974 ಎಂಬ ಇಂಟರ್ನೆಟ್ ನಿಯಮಪತ್ರದಲ್ಲಿ ಬಂದು, 2008ರ ಆರ್‌ಎಫ್‌ಸಿ 5321ರಲ್ಲಿಯೂ ಮುಂದುವರಿದಿರುವ ನಿಯಮದ ಪ್ರಕಾರ, ಚಿಕ್ಕ ಅಂಕಿಯ ಸರ್ವರನ್ನು ಮೊದಲು ಸಂಪರ್ಕಿಸಬೇಕು. ಅದು ಸಿಗದಿದ್ದರೆ, ಅಥವಾ 4ರಿಂದ ಆರಂಭವಾಗುವ ತಾತ್ಕಾಲಿಕ ನಿರಾಕರಣೆ ಕೊಟ್ಟರೆ, ಮುಂದಿನದನ್ನು ಪ್ರಯತ್ನಿಸಬಹುದು. ಆದರೆ ಅದು ಫೋನು ಎತ್ತಿ "550, ಇಂಥವರು ಇಲ್ಲಿಲ್ಲ" ಎಂದು ಒಮ್ಮೆ ಹೇಳಿದರೆ ಮಾತು ಅಲ್ಲಿಗೇ ಮುಗಿಯಿತು. ಕಳಿಸಿದವರಿಗೆ ಬೌನ್ಸ್ ಹೋಗುತ್ತದೆ, ಎರಡನೆಯ ಸರ್ವರಿನ ಬಾಗಿಲನ್ನು ಯಾರೂ ತಟ್ಟುವುದಿಲ್ಲ. ಎಂಎಕ್ಸ್ ಉತ್ತರಿಸುವುದು ಈ ಡೊಮೇನಿನ ಬಾಗಿಲು ಎಲ್ಲಿದೆ ಎಂಬ ಪ್ರಶ್ನೆಗೆ ಮಾತ್ರ. ಈ ವ್ಯಕ್ತಿಯ ಮನೆ ಎಲ್ಲಿದೆ ಎಂಬುದು ಅದಕ್ಕೆ ಗೊತ್ತೂ ಇಲ್ಲ, ಗೊತ್ತಾಗುವ ದಾರಿಯೂ ಇಲ್ಲ.

ಹೀಗಾಗಿ ಮೊದಲ ದಿನವೇ 25 ಜನರಿಗೆ ಬಂದ ಹೊರಗಿನ ಮೇಲ್‌ಗಳೆಲ್ಲ ಬೌನ್ಸ್ ಆದವು. ಗಾಬರಿಯಾದವರು ಅಂಕಿಗಳನ್ನು ತಿರುಗಿಸಿ ಗಿರಣಿಯನ್ನು ಮೊದಲು ಮಾಡಿ, ಗೂಗಲನ್ನು ನಂತರಕ್ಕೆ ಇಟ್ಟರು. ಬೌನ್ಸ್ ನಿಂತಿತು, ಸಮಸ್ಯೆ ಬಗೆಹರಿಯಿತೆಂದು ಎಲ್ಲರೂ ತಿಳಿದರು. ನಿಜವಾದ ಹಾನಿ ಅಂದಿನಿಂದಲೇ ಶುರುವಾಯಿತು.

ನಾನು ಗಿರಣಿಯ ಸರ್ವರಿನ ಮೇಲ್ ಲಾಗ್, ಅಂದರೆ ಮೇಲ್ ಓಡಾಟದ ದಾಖಲೆ, ತೆರೆದು, ಹಿಂದಿನ ಸಂಜೆ ಗುಮಾಸ್ತರು ಕಳಿಸಿದ ತೂಕದ ಪಟ್ಟಿಯ ಸಾಲನ್ನು ಹುಡುಕಿದೆ. ಸ್ಥಿತಿ "ಸೆಂಟ್" ಎಂದಿತ್ತು, ಆವರಣದೊಳಗೆ 250 ಎಂಬ ಅಂಕಿಯೂ "ಸೇವ್ಡ್" ಎಂಬ ಪದವೂ ಇದ್ದವು. ಎಲ್ಲವೂ ಸರಿಯಿದೆ ಎನ್ನುವ ಸಾಲು ಅದು. ಆದರೆ ಮೇಲ್ ಬೇರೆ ಸರ್ವರಿಗೆ ಹೋಗಿದ್ದರೆ ಆ ಸಾಲಿನಲ್ಲಿ ಗೂಗಲ್ ಯಂತ್ರವೊಂದರ ಹೆಸರು ಇರಬೇಕಿತ್ತು. ಅಲ್ಲಿದ್ದದ್ದು ಇದೇ ಯಂತ್ರದ ಡವ್‌ಕಾಟ್‌ನ ಹೆಸರು. ವ್ಯವಸ್ಥಾಪಕರ ಹಳೆಯ ಬಾಕ್ಸಿನ ಮೇಲ್‌ಗಳನ್ನು ಇಡುವ ಮೇಲ್‌ಡಿರ್ ಎಂಬ ಫೋಲ್ಡರಿಗೆ ಹೋಗಿ ನೋಡಿದೆ. ಮೇಲ್‌ಡಿರ್‌ನಲ್ಲಿ ಹೊಸದಾಗಿ ಬಂದ ಮೇಲ್ "ನ್ಯೂ" ಎಂಬ ಉಪಫೋಲ್ಡರಿನಲ್ಲಿ ಕೂರುತ್ತದೆ. ಬಾಕ್ಸಿನ ಒಡೆಯರು ತಮ್ಮ ಮೇಲ್ ಪ್ರೋಗ್ರಾಮಿನಿಂದ ಇನ್‌ಬಾಕ್ಸ್ ತೆರೆದ ಕೂಡಲೇ ಅದು "ಕರ್" ಎಂಬ ಪಕ್ಕದ ಉಪಫೋಲ್ಡರಿಗೆ ಸರಿಯುತ್ತದೆ. ಅಲ್ಲಿ "ನ್ಯೂ" ಒಳಗೆ 187 ಫೈಲ್‌ಗಳು ಸಾಲಾಗಿ ಕುಳಿತಿದ್ದವು. ಎಲ್ಲಕ್ಕಿಂತ ಹಳೆಯದರ ದಿನಾಂಕ, ವ್ಯವಸ್ಥಾಪಕರು ಗೂಗಲ್‌ಗೆ ಹೋದ ಮರುದಿನದ್ದು. ಆ 9 ಜನರ ಹಳೆಯ ಬಾಕ್ಸ್‌ಗಳನ್ನು ಯಾರೂ ಅಳಿಸಿರಲಿಲ್ಲ. ಸರ್ವರ್ ಪ್ರಾಮಾಣಿಕವಾಗಿ, ಪ್ರತಿದಿನ, ಯಾರೂ ತೆರೆಯದ ಪೆಟ್ಟಿಗೆಗೆ ಮೇಲ್ ತುಂಬುತ್ತ ಬಂದಿತ್ತು. ಬೌನ್ಸ್ ಆಗುವ ಮೇಲ್ ಕಳಿಸಿದವರನ್ನು ಎಚ್ಚರಿಸುತ್ತದೆ. ಇಲ್ಲಿ ಎಚ್ಚರಿಸುವುದಕ್ಕೆ ಏನೂ ಉಳಿದಿರಲಿಲ್ಲ. ಬೌನ್ಸ್‌ಗಿಂತ ಇದನ್ನು ನಾನು ಹೆಚ್ಚು ಕೆಟ್ಟದ್ದೆಂದು ಎಣಿಸುತ್ತೇನೆ.

"ಒಂದು ದಿನ ಬರುತ್ತದೆ, ಒಂದು ದಿನ ಇಲ್ಲ" ಎಂಬ ದೂರಿನ ಗುಟ್ಟು ಆಮೇಲೆ ತಾನಾಗಿಯೇ ಬಿಚ್ಚಿಕೊಂಡಿತು. ಗಿರಣಿಯ ಇಂಟರ್ನೆಟ್ ಲೈನ್ ಅಥವಾ ಕರೆಂಟ್ ಹೋದ ಹೊತ್ತಿನಲ್ಲಿ ಹೊರಗಿನ ಸರ್ವರ್‌ಗಳು ನಿಯಮದಂತೆ ಎರಡನೆಯ ಎಂಎಕ್ಸ್‌ಗೆ, ಅಂದರೆ ಗೂಗಲ್‌ಗೆ ಹೋಗುತ್ತಿದ್ದವು. ಆಗ 9 ಜನರ ಮೇಲ್ ಸರಿಯಾಗಿ ತಲುಪುತ್ತಿತ್ತು, 25 ಜನರದು ಬೌನ್ಸ್ ಆಗುತ್ತಿತ್ತು. ಲೈನ್ ಮರಳಿ ಬಂದ ಕೂಡಲೇ ಎಲ್ಲವೂ ತಲೆಕೆಳಗಾಗುತ್ತಿತ್ತು. ವ್ಯಾಪಾರಿಗಳು ಕಳಿಸಿದ ಬೌನ್ಸ್‌ಗಳ ಸಮಯವನ್ನು ರೂಟರಿನ ಲಾಗ್‌ನಲ್ಲಿ ಲೈನ್ ಬಿದ್ದ ಸಮಯದೊಂದಿಗೆ ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ಒಂದಕ್ಕೊಂದು ತಾಳೆಯಾದವು. ವ್ಯವಸ್ಥಾಪಕರಿಗೆ ಮೇಲ್ ಬಂದದ್ದೆಲ್ಲ ಗಿರಣಿಯಲ್ಲಿ ಕರೆಂಟ್ ಇಲ್ಲದಾಗ ಎಂದು ತಿಳಿಸಿದಾಗ ಅವರು ಬಹಳ ಹೊತ್ತು ಮಾತನಾಡಲಿಲ್ಲ.

ರೋಗದ ಮೂಲ ಡಿಎನ್‌ಎಸ್‌ನಲ್ಲಿ ಅಷ್ಟಾಗಿ ಇರಲಿಲ್ಲ. ಪೋಸ್ಟ್‌ಫಿಕ್ಸ್‌ಗೆ ಒಂದು ಡೊಮೇನನ್ನು ವರ್ಚುವಲ್ ಮೇಲ್‌ಬಾಕ್ಸ್ ಡೊಮೇನ್ ಎಂದು ಬರೆದುಕೊಟ್ಟರೆ, ಆ ಡೊಮೇನಿಗೆ ತಾನೇ ಕೊನೆಯ ನಿಲ್ದಾಣ ಎಂದು ಅದು ತಿಳಿಯುತ್ತದೆ. ಆಮೇಲೆ ಆ ಡೊಮೇನಿನ ಯಾವ ವಿಳಾಸಕ್ಕೂ ಅದು ಎಂಎಕ್ಸ್ ಕೇಳುವುದೇ ಇಲ್ಲ. ಹೆಸರು ತನ್ನ ಪಟ್ಟಿಯಲ್ಲಿದ್ದರೆ ಬಾಕ್ಸಿಗೆ ಹಾಕುತ್ತದೆ, ಇಲ್ಲದಿದ್ದರೆ 550 ಹೇಳುತ್ತದೆ. ಹೊರಲೋಕದ ಎಂಎಕ್ಸನ್ನು ಎಷ್ಟು ಸರಿಪಡಿಸಿದರೂ ಗಿರಣಿಯ ಒಳಗಿನಿಂದ ಹೊರಡುವ ಮೇಲ್ ಸರಿಹೋಗದಿರಲು ಇದೇ ಕಾರಣ. ಆದ್ದರಿಂದ ತೀರ್ಮಾನಿಸಬೇಕಾದದ್ದು ಎರಡು ಸಂಗತಿ. ಹೊರಗಿನ ಮೇಲ್‌ಗೆ ಯಾವ ಸರ್ವರ್ ಮುಂಬಾಗಿಲಾಗಬೇಕು ಎಂಬುದು ಒಂದು. ಪ್ರತಿಯೊಂದು ಸರ್ವರ್ ತನ್ನಲ್ಲಿಲ್ಲದವರ ಬಗ್ಗೆ ಏನನ್ನು ತಿಳಿದಿರಬೇಕು ಎಂಬುದು ಇನ್ನೊಂದು.

ಮುಂಬಾಗಿಲು ಯಾವುದಾದರೂ ತಾಂತ್ರಿಕವಾಗಿ ಕೆಲಸ ನಡೆಯುತ್ತದೆ. ಗಿರಣಿಯೇ ಮುಂಬಾಗಿಲಾದರೆ, ಅಲ್ಲಿ ಲೈನ್ ಬಿದ್ದಾಗ ಬೆಂಗಳೂರಿನಲ್ಲಿ ಕುಳಿತ ಮಾರಾಟದವರ ಮೇಲ್ ಕೂಡ ಗಂಗಾವತಿಯ ಕರೆಂಟಿಗಾಗಿ ಕಾಯಬೇಕು. ಗೂಗಲ್ ಮುಂಬಾಗಿಲಾದರೆ ಕಾಯುವವರು ಗಿರಣಿಯ ಒಳಗಿನವರು ಮಾತ್ರ. ಆ ಹೊತ್ತಿನಲ್ಲಿ ಅವರ ಮೇಲ್ ಗೂಗಲ್‌ನ ಸರತಿಯಲ್ಲಿ ನಿಂತಿದ್ದು, ಲೈನ್ ಬಂದ ಮೇಲೆ ತಲುಪುತ್ತದೆ. ಕಸದ ಮೇಲ್ ಸೋಸುವ ಕೆಲಸವೂ ಹೊರಗೇ ಆಗುತ್ತದೆ. ನಾನು ಗೂಗಲನ್ನೇ ಆರಿಸಿದೆ. ಗಿರಣಿಯ ಸರ್ವರನ್ನು ಎಂಎಕ್ಸ್ ಪಟ್ಟಿಯಿಂದ ಪೂರ್ತಿಯಾಗಿ ತೆಗೆದೆ. ಎರಡನೆಯದಾಗಿಯಾದರೂ ಇರಲಿ ಎಂದು ಮಾಲೀಕರು ಕೇಳಿದರು, ನಾನು ಒಪ್ಪಲಿಲ್ಲ. ಕಸದ ಮೇಲ್ ಕಳಿಸುವವರು ಕಾವಲು ಸಡಿಲವಾಗಿರಬಹುದೆಂಬ ಲೆಕ್ಕದಿಂದ ಬೇಕೆಂದೇ ದೊಡ್ಡ ಅಂಕಿಯ ಎಂಎಕ್ಸನ್ನು ಹುಡುಕಿ ಬರುತ್ತಾರೆ.

ಎಂಎಕ್ಸ್ ಬದಲಿಸುವ ಹಿಂದಿನ ದಿನ ಅದರ ಟಿಟಿಎಲ್ ಅನ್ನು, ಅಂದರೆ ಹೊರಗಿನವರು ಆ ದಾಖಲೆಯನ್ನು ಮತ್ತೆ ಕೇಳದೆ ನೆನಪಿಟ್ಟುಕೊಳ್ಳುವ ಅವಧಿಯನ್ನು, 86400 ಸೆಕೆಂಡಿನಿಂದ 300ಕ್ಕೆ ಇಳಿಸಿದ್ದೆ. ಹಳೆಯ ಟಿಟಿಎಲ್ ಪೂರ್ತಿ ಒಂದು ದಿನದ್ದಾಗಿದ್ದರಿಂದ ಒಂದು ದಿನ ಕಾಯುವುದು ಅನಿವಾರ್ಯವಾಗಿತ್ತು.

ಗೂಗಲ್‌ನ ಅಡ್ಮಿನ್ ಕನ್ಸೋಲಿನಲ್ಲಿ ಈ ಏರ್ಪಾಡಿಗೆ ಸ್ಪ್ಲಿಟ್ ಡೆಲಿವರಿ ಎಂದು ಹೆಸರು. ಜಿಮೇಲ್ ಸೆಟ್ಟಿಂಗ್‌ಗಳ ಹೋಸ್ಟ್ಸ್ ಭಾಗದಲ್ಲಿ ಗಿರಣಿಯ ಸ್ಥಿರ ಐಪಿಯ (ಇಂಟರ್ನೆಟ್‌ನಲ್ಲಿ ಯಂತ್ರವನ್ನು ಗುರುತಿಸುವ ಅಂಕಿಗಳ ವಿಳಾಸ) ಹೆಸರನ್ನು ಸೇರಿಸಿ, ಡೀಫಾಲ್ಟ್ ರೂಟಿಂಗ್‌ನಲ್ಲಿ ಒಂದು ನಿಯಮ ಬರೆಯಬೇಕು. ತನಗೆ ಗೊತ್ತಿಲ್ಲದ ಎಲ್ಲ ವಿಳಾಸಗಳನ್ನೂ ಗಿರಣಿಗೆ ತಳ್ಳುವಂತೆ ಒಂದೇ ಸಾಲಿನಲ್ಲಿ ಬರೆಯುವುದು ಸುಲಭ. ಹೆಚ್ಚಿನವರು ಹಾಗೆಯೇ ಮಾಡುತ್ತಾರೆ. ಅದರಲ್ಲಿ ಒಂದು ತೊಡಕಿದೆ. ಮುಂಬಾಗಿಲಿನ ಸರ್ವರ್ ಮೇಲ್ ಒಪ್ಪಿಕೊಂಡ ಮೇಲೆ ಅದರ ಹಿಂದಿರುವ ಸರ್ವರ್ 550 ಎಂದರೆ, ಬೌನ್ಸ್ ಬರೆದು ಕಳಿಸುವ ಹೊಣೆ ಮುಂಬಾಗಿಲಿನ ಸರ್ವರಿನದಾಗುತ್ತದೆ. ಕಸದ ಮೇಲ್‌ಗಳಲ್ಲಿ ಕಳಿಸಿದವರ ವಿಳಾಸ ಸಾಮಾನ್ಯವಾಗಿ ಸುಳ್ಳಾಗಿರುವುದರಿಂದ ಆ ಬೌನ್ಸ್‌ಗಳು ಏನೂ ತಿಳಿಯದ ಮೂರನೆಯವರ ಇನ್‌ಬಾಕ್ಸ್‌ಗೆ ಹೋಗಿ ಬೀಳುತ್ತವೆ, ನಮ್ಮ ಡೊಮೇನಿನ ಹೆಸರು ಕೆಡುತ್ತದೆ. ಆದ್ದರಿಂದ 25 ವಿಳಾಸಗಳನ್ನು ಹೆಸರು ಹಿಡಿದು ಒಂದು ಪ್ಯಾಟರ್ನ್ ಆಗಿ ಬರೆದು, ಅವುಗಳಿಗೆ ಮಾತ್ರ ದಾರಿ ತೋರಿಸಿದೆ. ಪಟ್ಟಿಯಲ್ಲಿಲ್ಲದ ಹೆಸರಿಗೆ ಮುಂಬಾಗಿಲಿನಲ್ಲೇ ನಿರಾಕರಣೆ ಸಿಗುತ್ತದೆ.

ಗಿರಣಿಯ ಪೋಸ್ಟ್‌ಫಿಕ್ಸ್‌ನಲ್ಲಿ ಮಾಡಿದ ಬದಲಾವಣೆ ನೋಡಲು ಚಿಕ್ಕದು. ಡೊಮೇನನ್ನು ಇದ್ದಲ್ಲಿಯೇ ಬಿಟ್ಟು, ಯಾವ ವಿಳಾಸದ ಮೇಲ್ ಯಾವ ದಾರಿ ಹಿಡಿಯಬೇಕೆಂದು ಹೇಳುವ ಟ್ರಾನ್ಸ್‌ಪೋರ್ಟ್ ಮ್ಯಾಪ್ ಎಂಬ ಕೋಷ್ಟಕದಲ್ಲಿ 9 ವಿಳಾಸಗಳನ್ನು ಒಂದೊಂದು ಸಾಲಿನಲ್ಲಿ ಪೂರ್ತಿಯಾಗಿ ಬರೆದೆ. ಪ್ರತಿಯೊಂದರ ಮುಂದೆ, ಸರ್ವರ್‌ಗಳ ನಡುವೆ ಮೇಲ್ ಸಾಗಿಸುವ ಎಸ್‌ಎಂಟಿಪಿ ವಿಧಾನದ ಮೂಲಕ ಗೂಗಲ್‌ನ ಮೇಲ್ ಸರ್ವರಿಗೆ ಒಯ್ಯಬೇಕೆಂದು ಸೂಚಿಸಿ, ಸರ್ವರಿನ ಹೆಸರನ್ನು ಚೌಕ ಆವರಣದೊಳಗೆ ಇಟ್ಟೆ. ಆ ಚೌಕ ಆವರಣಕ್ಕೆ ಅರ್ಥವಿದೆ. ಅದು ಇದ್ದರೆ ಪೋಸ್ಟ್‌ಫಿಕ್ಸ್ ಆ ಹೆಸರಿಗೆ ಎಂಎಕ್ಸ್ ಹುಡುಕದೆ ನೇರವಾಗಿ ಅದೇ ಯಂತ್ರಕ್ಕೆ ಹೋಗುತ್ತದೆ. ಪೂರ್ತಿ ವಿಳಾಸದ ಸಾಲು ಡೊಮೇನಿನ ಸಾಮಾನ್ಯ ನಿಯಮಕ್ಕಿಂತ ಮೇಲಿನದಾದ್ದರಿಂದ 25 ಜನರ ಮೇಲ್ ಮೊದಲಿನಂತೆ ಒಳಗೇ ಉಳಿಯಿತು, 9 ಜನರದು ಹೊರಗೆ ಹೊರಟಿತು. ಪೋಸ್ಟ್‌ಮ್ಯಾಪ್ ಆಜ್ಞೆಯಿಂದ ಕೋಷ್ಟಕವನ್ನು ಕಟ್ಟಿ, ಅದೇ ಆಜ್ಞೆಯ ಪ್ರಶ್ನೆ ಕೇಳುವ ಆಯ್ಕೆಯಿಂದ ಒಂಬತ್ತೂ ವಿಳಾಸಗಳನ್ನು ಕೇಳಿ ನೋಡಿದೆ. ಒಂದು ಹೆಸರಿನಲ್ಲಿ ಒಂದಕ್ಷರ ತಪ್ಪಾಗಿದ್ದದ್ದು ಆಗಲೇ ಸಿಕ್ಕಿತು.

ಇಲ್ಲಿ ಎಡವುವ ಜಾಗ ಎರಡಿವೆ. ಬಾಕ್ಸ್‌ಗಳು ಗೂಗಲ್‌ಗೆ ಹೋದವಲ್ಲ ಎಂದು ಆ 9 ಹೆಸರುಗಳನ್ನು ಪೋಸ್ಟ್‌ಫಿಕ್ಸ್‌ನ ವರ್ಚುವಲ್ ಮೇಲ್‌ಬಾಕ್ಸ್ ಪಟ್ಟಿಯಿಂದ ಅಳಿಸಿದರೆ, ಟ್ರಾನ್ಸ್‌ಪೋರ್ಟ್ ಸಾಲನ್ನು ತಲುಪುವ ಮೊದಲೇ ಅದು "ಇಂಥವರು ಇಲ್ಲ" ಎಂದು ಬಾಗಿಲಲ್ಲೇ ನಿರಾಕರಿಸುತ್ತದೆ. ಹೆಸರು ಪಟ್ಟಿಯಲ್ಲಿರಬೇಕು, ದಾರಿ ಮಾತ್ರ ಬದಲಾಗಬೇಕು. ಇನ್ನೊಂದು ಸುತ್ತಾಟದ ಅಪಾಯ. ನನ್ನಲ್ಲಿಲ್ಲದ್ದೆಲ್ಲ ನಿನ್ನಲ್ಲಿದೆ ಎಂದು ಎರಡೂ ಸರ್ವರ್‌ಗಳಿಗೆ ಕಲಿಸಿಬಿಟ್ಟರೆ, ಎರಡರಲ್ಲೂ ಇಲ್ಲದ ಹೆಸರಿನ ಒಂದು ಮೇಲ್ ಅವೆರಡರ ನಡುವೆ ಚೆಂಡಿನಂತೆ ಓಡಾಡುತ್ತದೆ. ಪ್ರತಿ ಸರ್ವರ್ ತನ್ನ "ರಿಸೀವ್ಡ್" ಸಾಲೊಂದನ್ನು ಮೇಲ್‌ನ ತಲೆಗೆ ಸೇರಿಸುತ್ತದೆ, ಅವು ಮಿತಿ ಮೀರಿದಾಗ ಪೋಸ್ಟ್‌ಫಿಕ್ಸ್ ಅದನ್ನು ಕೈಬಿಡುತ್ತದೆ. ಅದರ ಮೂಲ ಮಿತಿ 50. ಒಂದು ತಪ್ಪು ವಿಳಾಸಕ್ಕೆ ಇಷ್ಟು ಸುತ್ತು ಎಂದರೆ ಸುಗ್ಗಿಯ ದಿನಗಳಲ್ಲಿ ಗಿರಣಿಯ ಸಣ್ಣ ಲೈನ್ ಅದರಲ್ಲೇ ಸವೆಯುತ್ತದೆ. ಎರಡೂ ಕಡೆ ಹೆಸರು ಹಿಡಿದೇ ಬರೆದದ್ದರಿಂದ ಈ ಸುತ್ತಾಟಕ್ಕೆ ಎಡೆಯೇ ಇರಲಿಲ್ಲ.

ಇಷ್ಟಾದ ಮೇಲೂ ಹೊರಗಿನ ಕೆಲವು ಮೇಲ್‌ಗಳು 25 ಜನರಿಗೆ ತಲುಪಲಿಲ್ಲ. ಗಿರಣಿಯ ಸರ್ವರ್ ಬಂದ ಪ್ರತಿ ಮೇಲ್‌ಗೂ ಎಸ್‌ಪಿಎಫ್ ಪರೀಕ್ಷೆ, ಅಂದರೆ ಆ ಡೊಮೇನಿನ ಹೆಸರಿನಲ್ಲಿ ಮೇಲ್ ಕಳಿಸಲು ತಂದುಕೊಟ್ಟ ಐಪಿಗೆ ಅನುಮತಿ ಇದೆಯೇ ಎಂಬ ಪರೀಕ್ಷೆ, ಮಾಡುತ್ತಿತ್ತು. ಮೊದಲು ಕಳಿಸಿದವರ ಸರ್ವರೇ ನೇರವಾಗಿ ಬಾಗಿಲಿಗೆ ಬರುತ್ತಿದ್ದುದರಿಂದ ಆ ಪರೀಕ್ಷೆಗೆ ಅರ್ಥವಿತ್ತು. ಈಗ ಬಾಗಿಲಿಗೆ ಬರುವುದು ಗೂಗಲ್ ಮಾತ್ರ. ಯಾವುದೋ ಬ್ಯಾಂಕಿನ ಹೆಸರಿನಲ್ಲಿ ಬಂದ ಮೇಲನ್ನು ಗೂಗಲ್‌ನ ಐಪಿ ತಂದುಕೊಟ್ಟಾಗ, ಬ್ಯಾಂಕಿನ ಎಸ್‌ಪಿಎಫ್ ಪಟ್ಟಿಯಲ್ಲಿ ಆ ಐಪಿ ಇಲ್ಲವೆಂದು ಸರ್ವರ್ ಅದನ್ನು ತಿರಸ್ಕರಿಸುತ್ತಿತ್ತು. ಪರೀಕ್ಷೆ ಮುಂಬಾಗಿಲಿನಲ್ಲಿ ಒಮ್ಮೆ ಆಗಿರುವುದರಿಂದ ಒಳಗೆ ಅದನ್ನು ನಿಲ್ಲಿಸಿ, ಬದಲಿಗೆ ಹೊರಗಿನಿಂದ ಮೇಲ್ ಬರುವ ದ್ವಾರವಾದ 25ನೇ ಪೋರ್ಟನ್ನು ಗೂಗಲ್ ತನ್ನ ಎಸ್‌ಪಿಎಫ್ ದಾಖಲೆಯಲ್ಲಿ ಪ್ರಕಟಿಸುವ ಐಪಿ ವ್ಯಾಪ್ತಿಗಳಿಗೆ ಮಾತ್ರ ತೆರೆದಿಟ್ಟೆ.

ಹೊರಹೋಗುವ ಮೇಲ್‌ನ ಕಡೆಯೂ ಒಂದು ತಪ್ಪಿತ್ತು. ಗೂಗಲ್ ಸೇರಿಸಿದಾಗ ಹಳೆಯ ಎಸ್‌ಪಿಎಫ್ ಸಾಲನ್ನು ತಿದ್ದುವ ಬದಲು ಹೊಸದೊಂದನ್ನು ಪಕ್ಕದಲ್ಲಿ ಹಾಕಿದ್ದರು. 2014ರ ಆರ್‌ಎಫ್‌ಸಿ 7208ರ ಪ್ರಕಾರ ಒಂದು ಡೊಮೇನಿಗೆ ಒಂದೇ ಎಸ್‌ಪಿಎಫ್ ದಾಖಲೆ ಇರಬೇಕು. ಎರಡಿದ್ದರೆ ಫಲಿತಾಂಶ ಕಾಯಂ ದೋಷ, ಅಂದರೆ ಎರಡೂ ಇಲ್ಲದಂತೆಯೇ ಸರಿ. ಗಿರಣಿಯ ಐಪಿಯನ್ನೂ ಗೂಗಲನ್ನೂ ಒಂದೇ ಸಾಲಿಗೆ ತಂದೆ. ಮೇಲ್ ನಮ್ಮ ಡೊಮೇನಿನದೇ ಎಂದು ತೋರಿಸುವ ಡಿಕಿಮ್ ಸಹಿಗೆ ಎರಡು ಸರ್ವರ್‌ಗಳಿಗೂ ಬೇರೆ ಬೇರೆ ಸೆಲೆಕ್ಟರ್ (ಸಹಿಯ ಕೀಲಿಯನ್ನು ಗುರುತಿಸುವ ಹೆಸರು) ಕೊಟ್ಟೆ, ಹಾಗೆ ಮಾಡಿದರೆ ಒಂದರ ಕೀಲಿ ಇನ್ನೊಂದರಲ್ಲಿ ಇರಬೇಕಾಗಿಲ್ಲ. ಈ ಪರೀಕ್ಷೆಗಳಲ್ಲಿ ಸೋತ ಮೇಲನ್ನು ಏನು ಮಾಡಬೇಕೆಂದು ಪಡೆಯುವವರಿಗೆ ಹೇಳುವ ಡಿಮಾರ್ಕ್ ಅನ್ನು ವರದಿ ಮಾತ್ರ ತರಿಸುವ ಹಂತದಲ್ಲಿ ಇಟ್ಟೆ.

ಆ ವರದಿಗಳಿಂದಲೇ ಮೂರನೆಯ ಸರ್ವರ್ ಬೆಳಕಿಗೆ ಬಂತು. ಗಿರಣಿಯ ಜಾಲತಾಣ ಬೇರೊಂದು ಹೋಸ್ಟಿಂಗ್‌ನಲ್ಲಿತ್ತು, ಅದರಲ್ಲಿ ವ್ಯಾಪಾರಿಗಳು ವಿಚಾರಣೆ ಬರೆಯುವ ಫಾರ್ಮ್ ಇತ್ತು. ನಮ್ಮ ಪಟ್ಟಿಯಲ್ಲಿಲ್ಲದ ಒಂದು ಐಪಿ ನಮ್ಮ ಹೆಸರಿನಲ್ಲಿ ಮೇಲ್ ಕಳಿಸುತ್ತಿದೆ ಎಂದು ವರದಿ ಹೇಳಿತು. ಅದು ಫಾರ್ಮ್ ತುಂಬಿದ ವ್ಯಾಪಾರಿಗೆ ಹೋಗುವ ಸ್ವೀಕೃತಿಯಾಗಿತ್ತು. ವ್ಯಾಪಾರಿಗೆ ಸ್ವೀಕೃತಿ ಹೋಗುತ್ತಿದ್ದರೆ ಗಿರಣಿಗೆ ಬರಬೇಕಾದ ವಿಚಾರಣೆ ಎಲ್ಲಿ ಹೋಗುತ್ತಿದೆ ಎಂದು ಹುಡುಕುತ್ತ ಹೋಸ್ಟಿಂಗ್‌ನ ನಿಯಂತ್ರಣ ಪುಟವಾದ ಸಿಪ್ಯಾನೆಲ್ ತೆರೆದೆ. ಅಲ್ಲಿ ಇಮೇಲ್ ರೂಟಿಂಗ್ "ಲೋಕಲ್" ಎಂದಿತ್ತು. ಈ ಡೊಮೇನ್ ನನ್ನದು ಎಂದು ಆ ಯಂತ್ರವೂ ನಂಬಿಕೊಂಡು, ಮಾರಾಟದ ವಿಳಾಸದ ಹೆಸರಿನಲ್ಲಿ ತನ್ನೊಳಗೇ ಇದ್ದ ಹಳೆಯ ಬಾಕ್ಸಿಗೆ ವಿಚಾರಣೆಗಳನ್ನು ಹಾಕುತ್ತಿತ್ತು. ಅದನ್ನು "ರಿಮೋಟ್" ಎಂದು ಬದಲಿಸಿದ ಕ್ಷಣದಿಂದ ಅದೂ ಎಂಎಕ್ಸ್ ಕೇಳತೊಡಗಿತು, ಅದರ ಐಪಿ ಎಸ್‌ಪಿಎಫ್ ಸಾಲಿಗೆ ಸೇರಿತು. ಎರಡು ಸರ್ವರ್‌ಗಳ ಪ್ರಕರಣವೆಂದು ಕರೆಸಿಕೊಂಡವನು ಮೊದಲ ದಿನವೇ ಮೂರನೆಯದನ್ನು ಕೇಳಬೇಕಿತ್ತು. ಈಗ ನಾನು ಎಲ್ಲೇ ಹೋದರೂ ಜಾಲತಾಣ ಎಲ್ಲಿದೆ ಎಂಬುದನ್ನು ಮೊದಲು ವಿಚಾರಿಸುತ್ತೇನೆ.

ಪರೀಕ್ಷೆಗೆ ಒಂದು ಹಾಳೆಯ ಮೇಲೆ ಗೆರೆ ಎಳೆದುಕೊಂಡೆ. ಕಳಿಸುವ ಕಡೆ ನಾಲ್ಕು: ಹೊರಗಿನ ಖಾತೆ, ಗಿರಣಿ, ಗೂಗಲ್, ಜಾಲತಾಣ. ಪಡೆಯುವ ಕಡೆ ಮೂರು: ಗಿರಣಿಯವರೊಬ್ಬರು, ಗೂಗಲ್‌ನವರೊಬ್ಬರು, ಎಲ್ಲಿಯೂ ಇಲ್ಲದ ಒಂದು ಹೆಸರು. ಹನ್ನೆರಡು ಮನೆಗಳನ್ನೂ ಒಂದೊಂದಾಗಿ ತುಂಬಿದೆ, ಇಲ್ಲದ ಹೆಸರಿಗೆ ನಾಲ್ಕೂ ಕಡೆಯಿಂದ ನಿರಾಕರಣೆ ಬಂದ ಮೇಲಷ್ಟೇ ಹಾಳೆಗೆ ಸಹಿ ಹಾಕಿದೆ. ಮೊದಲ ವಾರವಿಡೀ ಪೋಸ್ಟ್‌ಫಿಕ್ಸ್‌ನಲ್ಲಿ ಸಾಫ್ಟ್ ಬೌನ್ಸ್ ಆಯ್ಕೆಯನ್ನು ಚಾಲೂ ಇಟ್ಟಿದ್ದೆ. ಅದಿದ್ದರೆ ಕಾಯಂ ನಿರಾಕರಣೆಗಳೆಲ್ಲ ತಾತ್ಕಾಲಿಕವಾಗುತ್ತವೆ, ನಮ್ಮ ತಪ್ಪಿನಿಂದ ತಿರಸ್ಕೃತವಾದ ಮೇಲ್ ಕಳೆದುಹೋಗದೆ ಸರತಿಯಲ್ಲಿ ನಿಂತು ಮತ್ತೆ ಬರುತ್ತದೆ. ಎಸ್‌ಪಿಎಫ್ ತಪ್ಪಿನಿಂದ ನಿಂತಿದ್ದ ಮೇಲ್‌ಗಳೂ ಹೀಗೆಯೇ ಉಳಿದುಕೊಂಡವು. ವಾರ ಕಳೆದ ಮೇಲೆ ಆ ಆಯ್ಕೆಯನ್ನು ಮರೆಯದೆ ತೆಗೆಯಬೇಕು.

ಹಳೆಯ ಬಾಕ್ಸ್‌ಗಳಲ್ಲಿ ಸಿಕ್ಕಿಬಿದ್ದಿದ್ದ ಮೇಲ್‌ಗಳನ್ನು ಐಮ್ಯಾಪ್‌ಸಿಂಕ್ ಎಂಬ ಸಾಧನದಿಂದ, ದಿನಾಂಕ ಕೆಡದಂತೆ, ಅವರವರ ಗೂಗಲ್ ಬಾಕ್ಸಿಗೆ ಸಾಗಿಸಿದೆ. ಹೋಸ್ಟಿಂಗ್‌ನಲ್ಲಿದ್ದ ವಿಚಾರಣೆಗಳನ್ನೂ ತಂದೆ. ವ್ಯವಸ್ಥಾಪಕರು ಅವನ್ನು ಮೇಲಿನಿಂದ ಕೆಳಗೆ ಓದುತ್ತ ಹೋಗಿ ಒಂದರ ಬಳಿ ನಿಂತರು. ಎರಡು ಲಾರಿ ಲೋಡ್ ಸೋನಾ ಮಸೂರಿಗೆ ಮೂರು ದಿನದೊಳಗೆ ದರ ತಿಳಿಸಿ ಎಂದು ಒಬ್ಬರು ಅಕ್ಟೋಬರಿನಲ್ಲಿ ಬರೆದಿದ್ದರು. ಅವರಿಗೆ ಅಂದೇ ಫೋನು ಮಾಡಿ ಕ್ಷಮೆ ಕೇಳಿದರು.

ಮಾರ್ಚಿನಲ್ಲಿ ಲೆಕ್ಕಪತ್ರ ವಿಭಾಗದ ಒಬ್ಬರನ್ನು ಗೂಗಲ್‌ಗೆ ಸಾಗಿಸಬೇಕಾಯಿತು. ಗುಮಾಸ್ತರೇ, ಸರ್ವರಿನ ಪಕ್ಕದ ಗೋಡೆಗೆ ಅಂಟಿಸಿದ್ದ ಹಾಳೆ ನೋಡಿಕೊಂಡು, ಫೋನಿನಲ್ಲಿ ನನಗೆ ಓದಿ ಹೇಳುತ್ತ ಕೆಲಸ ಮಾಡಿದರು. ಮೊದಲು ಗೂಗಲ್‌ನಲ್ಲಿ ಬಾಕ್ಸ್ ತೆರೆದರು, ಆಮೇಲೆ ಗಿರಣಿಯ ಟ್ರಾನ್ಸ್‌ಪೋರ್ಟ್ ಮ್ಯಾಪ್‌ಗೆ ಹತ್ತನೆಯ ಸಾಲು ಸೇರಿಸಿ ಪೋಸ್ಟ್‌ಮ್ಯಾಪ್ ನಡೆಸಿದರು, ಅದಾದ ಮೇಲೆ ಗೂಗಲ್‌ನ ಪ್ಯಾಟರ್ನಿನಿಂದ ಆ ಹೆಸರನ್ನು ತೆಗೆದರು, ಕೊನೆಗೆ ಹಳೆಯ ಮೇಲ್ ಸಾಗಿಸಿದರು. ಮರುದಿನ ಬೆಳಿಗ್ಗೆ ಅವರೇ ಹಳೆಯ ಬಾಕ್ಸಿನ "ನ್ಯೂ" ಫೋಲ್ಡರ್ ತೆರೆದು ಎಣಿಸಿ ಫೋನು ಮಾಡಿದರು: "ಸೊನ್ನೆ ಐತ್ರಿ ಸರ್."